ಮಾಜೊಂಡಿಯನ್ನು ಮನೆಗೆ ಕರೆತಂದದ್ದು

“ಅವ್ವಾ, ನಿಧಾನ ಇಳಿ. ಮೆಟ್ಟಿಲು ಎತ್ತರ ಇದೆ,” ಎಂದು ಕೈಯಲ್ಲಿದ್ದ ಮುಳ್ಳಿನ ಕೊಂಬೆಗೆ ಹೇಳುತ್ತಾ ಖುಲುಲಿವೆ ಬಸ್ಸಿನಿಂದ ಇಳಿದಳು.

ಡರ್ಬನ್ನಿನಿಂದ ಇಲ್ಲಿಯವರೆಗೂ ಕಿಟಕಿ ಪಕ್ಕದ ಸೀಟು ಕೊಂಬೆಯದೇ. ಅದಕ್ಕೂ ಟಿಕೆಟ್ಟಾಗಿತ್ತು. ಕಂಡಕ್ಟರು ಯಾಕೆಂದು ಕೇಳಲಿಲ್ಲ, ನಗಲೂ ಇಲ್ಲ. ಸತ್ತವರನ್ನು ಊರಿಗೆ ಕರೆದೊಯ್ಯುವವರನ್ನು ಅವನು ದಿನಾ ಕಾಣುವವನು. ಹೆಣವೇನೋ ಲಾರಿಯಲ್ಲಿ ಬಂದುಬಿಡುತ್ತದೆ, ಜೀವ ಹಾಗೆ ಬರುವುದಿಲ್ಲ. ಉಸಿರು ನಿಂತ ಜಾಗದಲ್ಲೇ ದಿಕ್ಕು ತೋಚದೆ ಕೂತಿರುತ್ತದೆ. ಮನೆಯಂಗಳದ ಎಲಚಿ ಮರದ ಕೊಂಬೆ ಹಿಡಿದು ಹೋಗಿ, ಹೆಸರಿಟ್ಟು ಕರೆದು, ಇಲ್ಲಿ ಹೊಳೆ ದಾಟುತ್ತಿದ್ದೇವೆ, ಇಲ್ಲಿ ಗುಡ್ಡ ಹತ್ತುತ್ತಿದ್ದೇವೆ ಎಂದು ದಾರಿಯುದ್ದಕ್ಕೂ ಹೇಳುತ್ತಾ ಕರೆತರಬೇಕು. ಕೊಂಬೆ ಹಿಡಿದವರು ಅದನ್ನು ಮನೆಯೊಳಗೆ ಇಡುವ ತನಕ ಬದುಕಿರುವವರ ಜೊತೆ ಒಂದು ಮಾತೂ ಆಡಕೂಡದು.

ಸತ್ತ ಮಾಜೊಂಡಿಯ ಮೈದುನ ಬೆಕಿ ರಸ್ತೆ ಬದಿಯಲ್ಲಿ ಕಾಯುತ್ತಿದ್ದ. ಹ್ಯಾಟು ತೆಗೆದು ಎದೆಗಿಟ್ಟುಕೊಂಡು ಕೊಂಬೆಗೆ ತಲೆ ಬಾಗಿಸಿದ.

“ಬನ್ನಿ ಅತ್ತಿಗೆ. ಭಾಳ ವರ್ಸ ಆಯ್ತು. ಅಣ್ಣ ಕಾಯ್ತಾವ್ನೆ.”

ಖುಲುಲಿವೆಯ ಹಿಂದೆಯೇ ಬುಟ್ಟಿ ಹಿಡಿದ ದಪ್ಪನೆಯ ಹೆಂಗಸೊಬ್ಬಳು ಏದುಸಿರು ಬಿಡುತ್ತಾ ಇಳಿದಳು.

“ತಾವ್ಯಾರವ್ವ?”

“ನಾನು ದೂದು. ಮಾರ್ಕೆಟ್ಟಲ್ಲಿ ಮಾಜೊಂಡಿ ಪಕ್ಕದ ಒಲೆ ನಂದು. ಮಾತಾಡಬೇಡ ಅಂತ ನಂಗೆ ಯಾರೂ ಹೇಳಿಲ್ಲ, ಅದಕ್ಕೇ ಕೇಳ್ತೀನಿ. ಇಷ್ಟು ವರ್ಷ ಇಲ್ಲದ್ದು ನಿಮ್ಮಣ್ಣ ಈಗ ಯಾಕಪ್ಪಾ ಕಾಯ್ತಾನೆ?”

“ಹೆಂಡ್ತಿ ಅಲ್ವರಾ.”

“ಹೆಣ ಆದ್ಮೇಲೆ ಹೆಂಡ್ತಿ,” ಎಂದಳು ದೂದು. ಬೆಕಿ ಹ್ಯಾಟು ಹಾಕಿಕೊಂಡು ಮುಂದೆ ನಡೆದ.

ಗುಡ್ಡದ ಮೇಲಿನ ಸಿಥೋಲೆ ಮನೆಯ ಅಂಗಳದಲ್ಲಿ ಜನ ಎದ್ದು ದಾರಿ ಬಿಟ್ಟರು. ದೊಡ್ಡ ದುಂಡುಗುಡಿಸಲಿನ ಮುಂದೆ ಫಲಾಖೆ ಸಿಥೋಲೆ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಹುಟ್ಟಿಸಿದ ಅಪ್ಪನನ್ನು ಖುಲುಲಿವೆ ನೋಡಿದ್ದು ಅದೇ ಮೊದಲು. ಮುದುಕನ ಅಗಲ ಹಣೆ ತನ್ನದೇ ಎಂದು ಕಂಡು ಅವಳಿಗೆ ಮೈಯೆಲ್ಲ ಉರಿಯಿತು. ಅವನು ಮಗಳ ಮುಖದತ್ತ ಕಣ್ಣೆತ್ತಲಿಲ್ಲ. ಕೊಂಬೆಯನ್ನೇ ನೋಡಿದ, ನೋಡಿ ಸಮಾಧಾನದಿಂದ ಒಂದು ಚಿಟಿಕೆ ನಶ್ಯ ಏರಿಸಿದ.

“ಬಂದ್ಲಾ?” ಎಂದ, ಯಾರನ್ನೂ ಕೇಳದವನ ಹಾಗೆ. “ಬರ್ದೆ ಎಲ್ಲೋಗ್ತಾಳೆ.”

“ಅವ್ವಾ, ಇದು ಸಿಥೋಲೆಯವರ ಮನೆ,” ಎಂದಳು ಖುಲುಲಿವೆ ಕೊಂಬೆಗೆ. “ಬಾಗಿಲು ತಗ್ಗು, ಬಗ್ಗಿ ಬಾ.”

ಒಳಗೆ ಸಗಣಿ ಸಾರಿಸಿದ ನೆಲದ ಮೇಲೆ ಹೆಣದ ಪೆಟ್ಟಿಗೆ ಇತ್ತು. ಸುತ್ತ ಹೆಂಗಸರು ಚಾಪೆಯ ಮೇಲೆ ಕಾಲು ನೀಡಿ ಕೂತಿದ್ದರು. ಆ ಕಡೆ ಹೆಂಡತಿಯರನ್ನು ಕರೆಯುವುದು ತವರಿನ ಕುಲದ ಹೆಸರಿನಿಂದ. ಜೊಂಡಿಯವರ ಮಗಳು ಮಾಜೊಂಡಿಯಾಗಿದ್ದಳು, ಅವಳು ಬಿಟ್ಟುಹೋದ ಮೇಲೆ ಆ ಜಾಗಕ್ಕೆ ತಂದ ಎನ್‌ಗಿಡಿಯವರ ಮಗಳು ಮಾಂಗಿಡಿ. ಸಣಕಲು ಮೈಯ ಮಾಂಗಿಡಿ ಎದ್ದು ಬಂದು ಎರಡೂ ಕೈಯಲ್ಲಿ ಕೊಂಬೆ ಇಸಿದುಕೊಂಡಳು.

ಇಸಿದುಕೊಂಡವಳು ಒಂದು ಗಳಿಗೆ ನಿಂತಳು. ಎಲೆಗಳು ಮೆತ್ತಗಿದ್ದವು. ಮುರಿದ ತುದಿ ಇನ್ನೂ ಒದ್ದೆಯಾಗಿತ್ತು. ಅಂಗಳದ ಮರದಿಂದ ಕೊಂಬೆ ಕಡಿದು ಬೆಕಿಯ ಕೈಗೆ ಕೊಟ್ಟವಳು ಅವಳೇ. ಡರ್ಬನ್ನಿಗೆ ಹೋಗಿ ಇಷ್ಟು ದಿನ ಬಿಸಿಲು ತಿಂದು ಬಂದಿದ್ದರೆ ಎಲೆ ಮುಟ್ಟಿದರೆ ಪುಡಿಯಾಗಬೇಕಿತ್ತು. ಇದು ತಾನು ಕಡಿದ ಕೊಂಬೆಯಲ್ಲ ಎಂದು ಅವಳಿಗೆ ಗೊತ್ತಾಗಿಹೋಯಿತು. ತಲೆಯೆತ್ತಿ ಹುಡುಗಿಯ ಮುಖ ನೋಡಿದಳು.

“ನೋಡ್ರವ್ವಾ,” ಎಂದು ಮಾಂಗಿಡಿ ಎಲ್ಲರಿಗೂ ಕೇಳುವ ಹಾಗೆ ಕೂಗಿದಳು, “ಎಲೆ ಹೆಂಗೆ ಹಸ್ರುಹಸ್ರಾಗವೆ! ನಮ್ಮಕ್ಕ ಮನಸ್ಸಿಟ್ಟು ಬಂದವ್ಳೆ.”

“ಹೌದೌದು, ಮನಸ್ಸಿಟ್ಟು ಬಂದವ್ಳೆ,” ಎಂದರು ಹೆಂಗಸರು. ಮಾಂಗಿಡಿ ಕೊಂಬೆಯನ್ನು ಪೆಟ್ಟಿಗೆಯ ಹಿಂದೆ, ಹಿರಿಯರ ಜಾಗದಲ್ಲಿ ಮಲಗಿಸಿ, ಎಲೆಗಳ ಮೇಲೆ ತನ್ನ ಶಾಲು ಹೊದಿಸಿದಳು.

*

ಗುಂಡಿ ತೋಡುವುದು ಇನ್ನೂ ಮುಗಿದಿರಲಿಲ್ಲ. ಗಂಡಸರು ದನದ ದೊಡ್ಡಿಯ ಬೇಲಿಗೆ ಒರಗಿ ಕೂತಿದ್ದರು. ಫಲಾಖೆ ದೂದುವನ್ನು ಕರೆಸಿದ. ಪಟ್ಟಣದಲ್ಲಿ ಹೆಂಡತಿ ಪಟ್ಟ ಪಾಡನ್ನು ನಾಲ್ಕು ಜನರ ಮುಂದೆ ಕೇಳಿ ಹೊಟ್ಟೆ ತಣ್ಣಗೆ ಮಾಡಿಕೊಳ್ಳುವ ಆಸೆ ಅವನಿಗೆ.

“ಅಲ್ಲಿ ಏನು ಮಾಡ್ಕೊಂಡಿದ್ಲು ಅವ್ಳು? ಬಿಳಿಯರ ಮನೆ ಮುಸುರೆನಾ?”

“ಮೊದಮೊದಲು ಮಾಡಿದ್ಲು. ಆಮೇಲೆ ಕದ್ದು ಜೋಳದ ಬೀರು ಕಾಯಿಸಿದ್ಲು. ಪೊಲೀಸರು ಮಡಕೆ ಒಡೆದು ಹಾಕಿದ್ರು, ಮತ್ತೆ ಕಾಯಿಸಿದ್ಲು. ಕೊನೆಗೆ ಬಸ್‌ಸ್ಟ್ಯಾಂಡ್ ಹತ್ರ ಒಲೆ ಹೂಡಿದ್ಲು. ದನದ ತಲೆ ಬೇಯಿಸೋ ಒಲೆ.”

ನಶ್ಯದ ಡಬ್ಬಿ ಕೈಯಲ್ಲೇ ನಿಂತಿತು. ತಲೆಮಾಂಸ ಗಂಡಸರ ಪಾಲು. ಬೇಯಿಸುವವರೂ ಗಂಡಸರೇ, ತಿನ್ನುವವರೂ ಗಂಡಸರೇ.

“ಹೆಂಗ್ಸು? ತಲೆ?”

“ಹೂಂ. ತಾನೇ ಚರ್ಮ ಸುಲಿದು, ತಾನೇ ಕೊಡಲೀಲಿ ಸೀಳಿ, ಡ್ರಮ್ಮಿಗೆ ಹಾಕೋಳು. ಹಡಗಿನ ಕೂಲಿಯವರು, ಡ್ರೈವರ್‌ಗಳು ಸಾಲು ನಿಲ್ತಿದ್ರು. ಆದ್ರೆ ಮೊದಲ ತುಂಡು ಯಾರಿಗೂ ಇಲ್ಲ. ಕೆನ್ನೆದು, ಬಿಸಿಬಿಸಿ ಕೊಯ್ದು, ಉಪ್ಪು ಖಾರ ಹಚ್ಚಿ ತಾನೇ ತಿನ್ನೋಳು. ಎಲ್ಲರೂ ನೋಡ್ತಾ ಇರ್ಬೇಕು, ಹಂಗೆ ತಿನ್ನೋಳು.”

ಬೇಲಿಯ ಬಳಿಯ ಮುದುಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಕೆಮ್ಮಿದ.

“ಒಬ್ಬಂಟಿ ಹೆಂಗ್ಸಿಗೆ ಪಟ್ಟಣದಲ್ಲಿ ಯಾರು ಜಾಗ ಕೊಡ್ತಾರೆ?” ಎಂದ ಬೆಕಿ. “ಪರ್ಮಿಟ್ ಆಫೀಸಲ್ಲಿ ಗಂಡನ್ನ ಕರ್ಕೊಂಡು ಬಾ ಅಂತಾರಲ್ವಾ?”

“ಅಂದ್ರು. ನಮಗೆಲ್ಲಾ ಹಂಗೇ ಅಂತಾರೆ. ಗಂಡ ಇಲ್ಲಾಂದ್ರೆ ಅಪ್ಪ, ಯಾರಾದರೂ ಒಬ್ಬ ಪ್ಯಾಂಟು ಹಾಕಿದವನು ಬೇಕು ಅವರಿಗೆ. ಮಾಜೊಂಡಿ ಹೋಗಿ ನನ್ನ ಗಂಡ ಸತ್ತ ಅಂದ್ಲು.” ದೂದು ಮುದುಕನ ಕಡೆಗೇ ತಿರುಗಿದಳು. “ಬರೀ ಬಾಯಿಮಾತಲ್ಲ ಸಿಥೋಲೆಯವರೇ. ಕಪ್ಪು ಬಟ್ಟೆ ಹೊಲಿಸಿದ್ಲು. ತಲೆಗೆ ಕಪ್ಪು, ಮೈಗೆ ಕಪ್ಪು, ಹೆಗಲಿಗೆ ಕಪ್ಪು ಶಾಲು. ವಿಧವೆಯರು ಉಡೋ ಹಾಗೆ ಇಡೀ ವರ್ಷ ಉಟ್ಟು, ಮೆಲ್ಲಗೆ ಮಾತಾಡ್ಕೊಂಡು ತಿರುಗಾಡಿದ್ಲು. ವರ್ಷ ತುಂಬಿದ ದಿನ ಬಟ್ಟೆ ಸುಟ್ಟು, ಕೋಳಿ ಕೊಯ್ದು, ನಮಗೆಲ್ಲಾ ಊಟ ಹಾಕಿದ್ಲು. ನಿಮ್ಮ ತಿಥಿ ಊಟ ನಾನು ಎರಡು ಸಲ ಬಡಿಸ್ಕೊಂಡು ತಿಂದಿದೀನಿ. ನೀವು ಬದುಕಿದೀರಿ ಅಂತ ನಂಗೆ ಗೊತ್ತಾಗಿದ್ದು ಮೊನ್ನೆ ನಿಮ್ಮ ತಮ್ಮ ಆಸ್ಪತ್ರೆಗೆ ಬಂದಾಗ್ಲೇ.”

ಯಾರೋ ಫಕ್ಕನೆ ನಕ್ಕು, ಸಾವಿನ ಮನೆಯೆಂದು ನೆನಪಾಗಿ ಬಾಯಿ ಮುಚ್ಚಿಕೊಂಡರು. ಫಲಾಖೆಯ ಕತ್ತಿನ ನರ ಉಬ್ಬಿತು.

“ಇರ್ಲಿ,” ಎಂದ. “ಏನು ಕುಣಿದ್ರೂ ಕೊನೆಗೆ ನನ್ ದೊಡ್ಡಿ ಬಾಗ್ಲಿಗೇ ಬಂದ್ಲಲ್ಲ.”

ಆ ಮಾತು ನಿಜವಾಗಿತ್ತು. ಗುಂಡಿ ತೋಡುತ್ತಿದ್ದದ್ದು ದೊಡ್ಡಿಯ ಬಾಗಿಲಲ್ಲಿ. ಹೆಂಡತಿಯರನ್ನು ಹೂಳುವುದು ಅವರವರ ಗುಡಿಸಲಿನ ಹಿಂದೆ. ದನ ತುಳಿದು ಓಡಾಡುವಲ್ಲಿ ಯಾರೂ ಹೂಳುವುದಿಲ್ಲ. ಊರವರು ಅದನ್ನು ನೋಡಿ ಪಿಸುಗುಟ್ಟುತ್ತಿದ್ದರೂ, ದನ ಕೊಟ್ಟು ತಂದವನು ಅವನು ಎಂದು ಸುಮ್ಮನಿದ್ದರು.

*

ಆ ಜಾಗವನ್ನೇ ಅವನು ಆರಿಸಿದ್ದಕ್ಕೆ ಕಾರಣವಿತ್ತು.

ಮಾಜೊಂಡಿಗೆ ಆಗ ಇಪ್ಪತ್ತೂ ತುಂಬಿರಲಿಲ್ಲ. ಮಂದೆ ದನ ಕೊಟ್ಟು ಕರೆತಂದ ಗಂಡನಿಗೆ ಅವಳಪ್ಪನ ವಯಸ್ಸು. ಹೊಟ್ಟೆಯಲ್ಲಿ ಖುಲುಲಿವೆ. ಯಾವುದೋ ಹಬ್ಬಕ್ಕೆ ಎತ್ತು ಕೊಯ್ದಿದ್ದರು. ಬಸುರಿಯ ಹಸಿವು ಕೇಳಬೇಕೆ. ಗಂಡಸರಿಗೆಂದು ಬೆಂದಿದ್ದ ತಲೆಯಿಂದ ಒಂದು ಚೂರು ಕೆನ್ನೆಮಾಂಸ ಕಿತ್ತು ಬಾಯಿಗೆ ಹಾಕಿಕೊಂಡಳು. ಅತ್ತೆ ನೋಡಿಬಿಟ್ಟಳು.

ಫಲಾಖೆ ಹೊಡೆಯಲಿಲ್ಲ. ಹೊಡೆದಿದ್ದರೆ ಅವಳು ಮರೆಯುತ್ತಿದ್ದಳೋ ಏನೋ. ಎತ್ತಿನ ದವಡೆಮೂಳೆಯನ್ನು ಅವಳ ಕೈಗೆ ಕೊಟ್ಟು, ದೊಡ್ಡಿಯ ಬಾಗಿಲಲ್ಲಿ ನಿಲ್ಲಿಸಿದ. ಬಂದು ಹೋಗುವ ನೆಂಟರೆಲ್ಲ ನೋಡಲಿ ಎಂದ. ನೆಂಟರು ನೋಡಿದರು. “ಗಂಡಸು ಬಂದವ್ನೆ ನೋಡ್ರೋ, ಪಾಲು ಕೊಡ್ರೋ,” ಎಂದು ನಕ್ಕರು. ಬಿಸಿಲು ಇಳಿದು ದನ ಒಳಗೆ ಬರುವವರೆಗೂ ಅವಳು ನಿಂತಿದ್ದಳು. ದನಗಳು ಅವಳ ಎರಡೂ ಪಕ್ಕದಿಂದ ಮೈ ಸವರಿಕೊಂಡು ಒಳಗೆ ಹೋದವು. ಇಂಥವುಗಳ ಬದಲಿಗೆ ತಾನೇ ಅಲ್ಲವೆ ಅಪ್ಪನ ಮನೆ ಬಿಟ್ಟು ಬಂದದ್ದು ಎಂದು ಅವಳಿಗೆ ಅನ್ನಿಸಿತಂತೆ.

ಮಾರನೆಯ ಬೆಳಿಗ್ಗೆ ನೀರಿಗೆ ಹೋದವಳು ಕೊಡವನ್ನು ಹೊಳೆ ದಂಡೆಯಲ್ಲಿ ಇಟ್ಟು, ರಸ್ತೆ ಹಿಡಿದಳು. ತುಂಬಿದ ಕೊಡವನ್ನೇ ಇಟ್ಟಿದ್ದಳು. ಈಗ ಬಂದಾಳು, ಆಗ ಬಂದಾಳು ಎಂದು ಮನೆಯವರು ಮಧ್ಯಾಹ್ನದವರೆಗೂ ಹುಡುಕದಿರಲಿ ಎಂದು.

ಹುಟ್ಟಿದ ಮಗುವಿಗೆ ಖುಲುಲಿವೆ ಎಂದು ಹೆಸರಿಟ್ಟಳು. ಬಿಡುಗಡೆಯಾದವಳು ಎಂದರ್ಥ. ಮಗಳು ಜಡೆ ಹಾಕಿಸಿಕೊಳ್ಳಲು ಕೂತಾಗಲೆಲ್ಲ ಈ ದವಡೆಮೂಳೆಯ ಕತೆಯನ್ನೇ ಹೇಳುತ್ತಿದ್ದಳು. ಕತೆ ಮುಗಿಯುವ ಹೊತ್ತಿಗೆ ಜಡೆ ಬಿಗಿದು ಮಗಳ ಕಣ್ಣಲ್ಲಿ ನೀರು ಬಂದಿರುತ್ತಿತ್ತು.

“ಕ್ಷಮಿಸಿಬಿಡವ್ವ,” ಎಂದು ಒಮ್ಮೆ ಖುಲುಲಿವೆ ಹೇಳಿದ್ದಳು.

“ಯಾಕೆ ಕ್ಷಮಿಸ್ಲಿ? ಅವನೇನು ಕೇಳಿದ್ನಾ?” ಎಂದು ಅವ್ವ ಜಡೆಯನ್ನು ಇನ್ನೊಂದು ಸುತ್ತು ಬಿಗಿದಿದ್ದಳು.

*

ಪೆಟ್ಟಿಗೆ ಗುಂಡಿಗೆ ಇಳಿಯಿತು. ಹಾಡು ನಿಂತಿತು. ಗಂಡಸರು ಮಣ್ಣು ಎಳೆದು ಸಮ ಮಾಡಿದ ಮೇಲೆ ಫಲಾಖೆ ಕೋಲೂರಿ ಎದ್ದು ನಿಂತ.

“ನನ್ನ ಹೆಂಡ್ತಿ ಓಡೋದ್ಲು ಅಂತ ನೀವೆಲ್ಲ ಆಡ್ಕೊಂಡಿದ್ದು ನಂಗೊತ್ತು,” ಎಂದ. “ಬೀರು ಕುಡಿಯೋ ಕಡೆಯೆಲ್ಲ ನನ್ ಬೆನ್ನಿಂದೆ ನಕ್ಕಿದೀರಿ. ಈಗ ನೋಡ್ಕಳಿ. ಎಲ್ಲವ್ಳೆ? ನನ್ ಕಾಲ್ಕೆಳಗವ್ಳೆ. ದಿನಾ ಬೆಳಿಗ್ಗೆ, ಸಾಯಂಕಾಲ ನನ್ ದನ ಅವ್ಳ ಮೇಲೆ ಹಾದು ಹೋಯ್ತವೆ. ಇವತ್ತು ಬೀರು ಎರೆದು ಅವ್ಳನ್ನ ಒಳಗೆ ಕರ್ಕೋತೀನಿ. ಆಮೇಲೆ ಅವ್ಳು ಈ ಮನೆ ಹೆಣ್ಣು. ಎಂದೆಂದಿಗೂ.”

ಮುದುಕ ಕೋಲನ್ನು ಮಗಳ ಕಡೆಗೆ ತಿರುಗಿಸಿದ.

“ಈ ಹುಡ್ಗಿನೂ ಅಷ್ಟೇ. ಅವ್ಳ ತಾಯಿಗೆ ದನ ಕೊಟ್ಟಿದ್ದು ನಾನು, ಹಾಗಾಗಿ ಇವ್ಳೂ ನನ್ನೋಳು. ಇನ್ನು ಪಟ್ಣ ಗಿಟ್ಣ ಇಲ್ಲ. ಹೊಳೆಯಾಚೆ ಜುಂಗು ದನ ಹೊಡ್ಕೊಂಡು ಬತ್ತಾನೆ. ಮಾತಾಗೈತೆ.”

ಹೆಂಡತಿ ಸತ್ತ ಜುಂಗು ಗುಂಪಿನಲ್ಲೇ ಇದ್ದ. ಬಿಳಿ ಮೀಸೆಯ ಗಂಡಸು. ಅವಳನ್ನು ಕಾಲಿನಿಂದ ತಲೆಯವರೆಗೆ ನೋಡಿ, ಪರವಾಗಿಲ್ಲ ಎನ್ನುವ ಹಾಗೆ ತಲೆಯಾಡಿಸಿದ.

ಕೈ ತೊಳೆಯಲು ಬಾಗಿಲ ಬಳಿ ನೀರಿಟ್ಟಿದ್ದರು. ದೂದು ಅಲ್ಲಿ ಖುಲುಲಿವೆಯ ಮೊಣಕೈ ಹಿಡಿದಳು.

“ನಡಿ, ಹಿಂದಿನ ದಾರೀಲಿ ಹೋಗ್ಬಿಡಣ. ಸಾಯಂಕಾಲದ ಬಸ್ಸಿದೆ.”

“ಓಡಿದ್ರೆ ಬೆಕಿ ಚಿಕ್ಕಪ್ಪ ನಾಳೆನೇ ಬರ್ತಾನೆ ಅಕ್ಕಾ. ಆಫೀಸಿನವರು ಅಪ್ಪನ ಮಾತೇ ಕೇಳೋದು. ಅವ್ವ ಹೆಂಗೋ ಗಂಡನ್ನ ಸಾಯಿಸಿದ್ಲು, ನಾನು ಅಪ್ಪನ್ನ ಹೆಂಗೆ ಸಾಯಿಸ್ಲಿ? ಇವನ ಬಾಯಿಂದಲೇ ಹೋಗು ಅನ್ನಿಸ್ಬೇಕು. ಎಲ್ಲರ ಮುಂದೆ.”

“ಅವನೆಲ್ಲಿ ಅಂತಾನೆ?”

“ಅಂತಾನೆ,” ಎಂದು ಖುಲುಲಿವೆ ಕೈ ಒದರಿದಳು.

*

ಸಾವಿನ ಸುದ್ದಿ ಹೇಗೋ ಊರು ಮುಟ್ಟಿ, ಬೆಕಿ ಆಸ್ಪತ್ರೆಗೆ ಬಂದದ್ದು ಹೆಣ ಒಯ್ಯಲು. ಗಂಡ ಬದುಕಿರುವಾಗ ಮಗಳಿಗೆ ಏನು ಹಕ್ಕು ಎಂದು ಆಸ್ಪತ್ರೆಯವರು ಕೊಟ್ಟೂ ಬಿಟ್ಟರು. ಖುಲುಲಿವೆ ಕೂಗಾಡಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ ಬೆಕಿ ಬಟ್ಟೆಯಲ್ಲಿ ಸುತ್ತಿದ ಕೊಂಬೆಯನ್ನು ಅವಳ ಮುಂದೆ ಹಿಡಿದ.

“ಇದು ಗಂಡಸರು ಹಿಡಿಯೋದು. ಆದ್ರೆ ಅಣ್ಣ ನಿನ್ನ ಕೈಲೇ ತರಿಸು ಅಂದವ್ನೆ. ನಮ್ ಯಾರ್ ಹಿಂದೂ ಅತ್ತಿಗೆ ಬರಾಕಿಲ್ಲ ಕಣವ್ವ. ನೀನು ಕರೆದ್ರೆ ಬತ್ತಾರೆ.”

ಮುದುಕನಿಗೆ ಅಷ್ಟರ ಮಟ್ಟಿಗೆ ಹೆಂಡತಿಯ ಗುಣ ಗೊತ್ತಿತ್ತು. ಮಗಳ ಗುಣ ಗೊತ್ತಿರಲಿಲ್ಲ.

ಲಾರಿ ಹೊರಟ ಮೇಲೆ ಖುಲುಲಿವೆ ವಾರ್ಡಿಗೆ ಹೋಗಿ ಅವ್ವ ಮಲಗಿದ್ದ ಮಂಚದ ಮೇಲೆ ಕೊಂಬೆಯನ್ನು ಇಟ್ಟಳು. ಮಂಚದಲ್ಲಿ ಆಗಲೇ ಬೇರೆ ರೋಗಿ ಇದ್ದಳು. ಪಾಪ, ಕಾಲು ಮಡಚಿ ಜಾಗ ಕೊಟ್ಟಳು. “ಅವ್ವಾ, ಏಳು, ಮನೆಗೆ ಹೋಗಣ,” ಎಂದು ಖುಲುಲಿವೆ ಕರೆದಳು. ಮೆಟ್ಟಿಲಿಳಿದಳು, ರಸ್ತೆ ದಾಟಿಸಿದಳು, ಹಣ್ಣಿನ ಗಾಡಿಗಳ ನಡುವೆ ದಾರಿ ಹೇಳಿದಳು, ಬಸ್‌ಸ್ಟ್ಯಾಂಡಿನ ಗಲಾಟೆಯಲ್ಲಿ ಕೊಂಬೆಯನ್ನು ಎದೆಗವಚಿಕೊಂಡಳು. ಯಾರೊಡನೆಯೂ ಒಂದು ಮಾತಾಡಲಿಲ್ಲ. ಆರಿದ ಒಲೆಯ ಹಿಂದೆ, ಹೊಗೆ ಹಿಡಿದು ಕಪ್ಪಾದ ಗೋಡೆಯ ಮೂಲೆಯಲ್ಲಿ ಅದನ್ನು ಮಲಗಿಸಿದಳು.

“ಬಂದ್ವಿ ಅವ್ವಾ. ಇದೇ ಮನೆ. ಇಲ್ಲೇ ಇರು. ಯಾರು ಕರೆದರೂ ಹೋಗಬೇಡ, ನಾನು ಕರೆದರೂ ಹೋಗಬೇಡ.”

ದೂದು ಒಲೆ ಹೊತ್ತಿಸಿದಳು. ತಲೆ ಬೆಂದ ಮೇಲೆ ಮೊದಲ ತುಂಡು ಕೆನ್ನೆಯನ್ನು ಕೊಯ್ದು, ಉಪ್ಪು ಖಾರ ಹಚ್ಚಿ, ಕೊಂಬೆಯ ಮುಂದೆ ಇಟ್ಟರು. ಮರುದಿನ ಊರಿನ ದಾರಿಯಲ್ಲಿ ಬಸ್ಸು ನಿಂತು ಎಲ್ಲರೂ ಕೈಕಾಲು ಆಡಿಸಲು ಇಳಿದಾಗ, ರಸ್ತೆ ಬದಿಯ ಯಾವುದೋ ಎಲಚಿ ಮರದಿಂದ ಖುಲುಲಿವೆ ಇನ್ನೊಂದು ಕೊಂಬೆ ಮುರಿದುಕೊಂಡಳು. ಅದಕ್ಕೂ ಮೊದಲು ಕಿಟಕಿಯ ಪಕ್ಕದಲ್ಲಿ ಕೂತು ಬಂದದ್ದು ಬರೀ ಸುತ್ತಿದ ಬಟ್ಟೆ.

*

ಗುಡಿಸಲೊಳಗೆ ಗಂಡಸರು ಬಲಗಡೆ, ಹೆಂಗಸರು ಎಡಗಡೆ ಕೂತರು. ಹಿರಿಯರ ಜಾಗದಲ್ಲಿ ಕೊಂಬೆ ಮಲಗಿತ್ತು. ಅದರ ಮುಂದೆ ಫಲಾಖೆ ಮಂಡಿಯೂರಿದ್ದ. ಬೀರು ಎರೆದು, ಕುಲದ ಹೆಸರುಗಳನ್ನೆಲ್ಲ ಕೂಗಿ, ಮಾಜೊಂಡಿಯನ್ನು ಸತ್ತ ಸಿಥೋಲೆಗಳ ಕೈಗೆ ಒಪ್ಪಿಸುವುದೊಂದೇ ಬಾಕಿ. ಜೀವಮಾನವೆಲ್ಲ ಕಾದ ಗಳಿಗೆ ಅದು. ಮುದುಕನ ಮುಖ ಬೆಳಗುತ್ತಿತ್ತು.

ಬೀರಿನ ಮಡಕೆಯನ್ನು ಮನೆಮಗಳು ತರಬೇಕು. ಖುಲುಲಿವೆ ತಂದಳು. ಪದ್ಧತಿಯಂತೆ ಮಂಡಿಯೂರಿ, ನೊರೆ ತೆಗೆದು, ತಾನೊಂದು ಗುಟುಕು ಕುಡಿದು ತೋರಿಸಿ, ಮಡಕೆಯನ್ನು ಅಪ್ಪನ ಕೈಗಿಡುತ್ತಾ ಅವನ ಕಿವಿಯ ಹತ್ತಿರಕ್ಕೆ ಬಾಗಿದಳು.

“ಅಪ್ಪಾ,” ಎಂದಳು. ಆ ಶಬ್ದವನ್ನು ಅವಳು ಬಾಯಿಂದ ಆಡಿದ್ದು ಅದೇ ಮೊದಲು. “ಅವ್ವ ಬಂದಿಲ್ಲ.”

ಮುದುಕನ ಕಣ್ಣು ಕೊಂಬೆಯತ್ತ ಹೊರಳಿತು.

“ನೀವು ಕಳಿಸಿದ ಕೊಂಬೆ ಅವ್ವನ ಒಲೆ ಹಿಂದಿದೆ. ಅವಳನ್ನ ಅಲ್ಲಿಗೆ ಕರ್ಕೊಂಡು ಹೋಗಿ ಬಿಟ್ಟು ಬಂದೆ. ಇದು ದಾರೀಲಿ ಮುರಿದಿದ್ದು. ಇದರಲ್ಲಿ ಯಾರೂ ಇಲ್ಲ. ದೊಡ್ಡಿ ಬಾಗಿಲಲ್ಲಿ ನೀವು ಹೂತಿರೋದು ಬರೀ ಮೂಳೆ.”

“ಸುಳ್ಳು,” ಎಂದ ಅವನು ಉಸಿರಲ್ಲೇ.

“ಎಲೆ ಮುಟ್ಟಿ ನೋಡಿ.”

ಅವನ ಬೆರಳು ಶಾಲಿನಂಚು ಸರಿಸಿ ಎಲೆಯ ಮೇಲೆ ಹೋಯಿತು. ಹಸಿ ಎಲೆ. ದನ ಕಾಯ್ದು ಬೆಳೆದವನಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

“ಎದ್ದು ನಿಂತು ಎಲ್ಲರಿಗೂ ಹೇಳ್ಲಾ? ಎರಡನೇ ಸಲನೂ ಓಡೋದ್ಲು ಅಂತ?” ಎಂದು ಖುಲುಲಿವೆ ಇನ್ನೂ ಮೆಲ್ಲಗೆ ಕೇಳಿದಳು. “ಇಲ್ಲಾ, ನಾನು ಹೊರಡ್ಲಾ? ನೀವೇ ಹೇಳಿ.”

ಮಡಕೆಯಲ್ಲಿ ಬೀರು ತುಳುಕಿತು. ಹಿಂದಿನಿಂದ ಬೆಕಿ, “ಅಣ್ಣಾ, ಕರೀ. ಅತ್ತಿಗೆ ಕಾಯ್ತಾವ್ರೆ,” ಎಂದ.

“ಈ ಹುಡ್ಗಿ,” ಎಂದ ಫಲಾಖೆ. ದನಿ ಒಡೆದಿತ್ತು. ಮತ್ತೆ ಸರಿಮಾಡಿಕೊಂಡು ಹೇಳಿದ. “ಈ ಹುಡ್ಗಿ ಪಟ್ಣಕ್ಕೆ ಹೋಗ್ಲಿ. ಅವ್ಳ ತಾಯಿ ಒಲೆ ಅವ್ಳೇ ನೋಡ್ಕೊಳ್ಲಿ. ನನ್ ಕಡೆಯಿಂದ ಯಾರೂ ತಡೀಬಾರ್ದು.”

“ಅಣ್ಣಾ, ಜುಂಗು ಜತೆ ಮಾತಾಗೈತಲ್ಲ—”

“ಹೋಗ್ಲಿ ಅಂದೆ!”

ಜುಂಗು ಎದ್ದು, ಹ್ಯಾಟು ಕೊಡವಿ, ಯಾರಿಗೂ ಹೇಳದೆ ಹೊರಗೆ ಹೋದ. ಖುಲುಲಿವೆ ಅಪ್ಪನಿಗೆ ಬೆನ್ನು ತೋರಿಸದೆ, ಒಳ್ಳೆಯ ಮಗಳ ಹಾಗೆ ಹಿಂದಹಿಂದಕ್ಕೆ ಸರಿದು ಬಾಗಿಲು ದಾಟಿದಳು. ಹೊರಗೆ ದೂದು ಬುಟ್ಟಿ ಎತ್ತಿಕೊಂಡು ನಿಂತಿದ್ದಳು.

ಒಳಗೆ ಎಲ್ಲರೂ ಕಾದರು. ಕೊನೆಗೆ ಫಲಾಖೆ ಮಡಕೆ ಬಗ್ಗಿಸಿದ. ಬೀರು ಸಾರಿಸಿದ ನೆಲದ ಮೇಲೆ ಹರಿದು ಕೊಂಬೆಯ ಎಲೆಗಳನ್ನು ನೆನೆಸಿತು. ಅವನು ಕುಲದ ಹೆಸರುಗಳನ್ನು ಒಂದೊಂದಾಗಿ ಕೂಗಿದ, ಹೆಂಡತಿಯ ಹೆಸರನ್ನೂ ಕೂಗಿದ.

“ಮಾಜೊಂಡಿ, ಮನೆಗೆ ಬಾ.”

“ಬಂದ್ಲು!” ಎಂದರು ಗಂಡಸರೆಲ್ಲ ಒಟ್ಟಾಗಿ, ಮೆಲ್ಲನೆ ಚಪ್ಪಾಳೆ ತಟ್ಟುತ್ತಾ.

“ಮಾಜೊಂಡಿ, ಬಾ.”

“ಬಂದ್ಲು!”

ಎಡಗಡೆ, ಬಾಗಿಲ ಪಕ್ಕದ ಕತ್ತಲಲ್ಲಿ ಕೂತಿದ್ದ ಮಾಂಗಿಡಿ ಉಟ್ಟ ಬಟ್ಟೆಯ ತುದಿಯನ್ನು ಬಾಯಿಗೆ ತುರುಕಿಕೊಂಡು ಮಂಡಿಯ ನಡುವೆ ಮುಖ ಹುದುಗಿಸಿದಳು. ಅವಳ ಭುಜಗಳು ಕುಲುಕುತ್ತಿದ್ದವು. ಸವತಿಗಾಗಿ ಇಷ್ಟು ಅಳುವವರನ್ನು ಎಲ್ಲಿಯೂ ಕಂಡಿಲ್ಲ ಎಂದು ಒಬ್ಬ ಮುದುಕ ಪಕ್ಕದವನಿಗೆ ಹೇಳಿದ. ಪಕ್ಕದವನು ಹೌದೆಂದು ತಲೆಯಾಡಿಸಿದ. ಫಲಾಖೆ ಮೂರನೆಯ ಸಲ ಕರೆಯಲು ಬಾಯಿ ತೆರೆದ.